ಏಳರಲ್ಲಿ ಎರಡು: ನೇಟ್ ಸಿಲ್ವರ್ ಅವರ ಚುನಾವಣಾ ಮುನ್ಸೂಚನೆಗಳನ್ನು ಅಳೆಯುವುದು ಹೇಗೆ?

ಒಂದು ಡಬ್ಬಿಯಲ್ಲಿ ಏಳು ಚೀಟಿಗಳನ್ನು ಹಾಕಿ. ಐದು ಬಿಳಿ, ಎರಡು ಕೆಂಪು. ಕಣ್ಣು ಮುಚ್ಚಿಕೊಂಡು ಒಂದನ್ನು ಎತ್ತುವಂತೆ ನಿಮ್ಮ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಹೇಳಿ. ಅವನು ಎತ್ತುವ ಮೊದಲು 'ಬಿಳಿ ಬರುವ ಸಾಧ್ಯತೆ ಹೆಚ್ಚು' ಎಂದು ನೀವು ಹೇಳಿದ್ದೀರಿ. ಆದರೆ ಅವನ ಕೈಗೆ ಬಂದದ್ದು ಕೆಂಪು ಚೀಟಿ. ಹಾಗಾದರೆ ನೀವು ಹೇಳಿದ್ದು ಸುಳ್ಳಾಯಿತೆ? ಪ್ರೌಢಶಾಲೆಯಲ್ಲಿ ಸಂಭವನೀಯತೆಯ ಪಾಠ ಓದಿದ ಯಾರೂ ಹೌದು ಎನ್ನಲಾರರು. ಕೆಂಪು ಬರುವ ಸಂಭವನೀಯತೆ 2/7, ಅಂದರೆ ಶೇಕಡ 28.6. ಅದು ಸೊನ್ನೆಯಲ್ಲ.

2016ರ ನವೆಂಬರ್ 8ರಂದು ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ನಡೆಯಿತು. ಮತದಾನಕ್ಕೆ ಮುಂಚೆ ನೇಟ್ ಸಿಲ್ವರ್ ಎಂಬ ವಿಶ್ಲೇಷಕರು ತಮ್ಮ 'ಫೈವ್‌ಥರ್ಟಿಎಯ್ಟ್' ಜಾಲತಾಣದಲ್ಲಿ ಪ್ರಕಟಿಸಿದ ಕೊನೆಯ ಅಂದಾಜು ಇದು: ಹಿಲರಿ ಕ್ಲಿಂಟನ್ ಗೆಲ್ಲುವ ಸಂಭವನೀಯತೆ ಶೇಕಡ 71.4, ಡೊನಾಲ್ಡ್ ಟ್ರಂಪ್ ಗೆಲ್ಲುವ ಸಂಭವನೀಯತೆ ಶೇಕಡ 28.6. ನಮ್ಮ ಡಬ್ಬಿಯ ಲೆಕ್ಕವೇ. ಕೆಂಪು ಚೀಟಿ ಬಂತು. ಮರುದಿನದಿಂದ 'ಸಿಲ್ವರ್ ಎಡವಿದರು, ಅಂಕಿಅಂಶಗಳ ವಿಜ್ಞಾನವೇ ಸೋತಿತು' ಎಂಬ ಮಾತು ಎಲ್ಲೆಡೆ ಕೇಳಿಬಂತು. ನಾಲ್ಕು ವರ್ಷ ಹಿಂದೆ, 2012ರಲ್ಲಿ, ಅದೇ ಜನ ಇದೇ ಸಿಲ್ವರ್ ಅವರನ್ನು ಮಾಂತ್ರಿಕನೆಂದು ಹೊಗಳಿದ್ದರು. ಆ ಹೊಗಳಿಕೆ, ಈ ತೆಗಳಿಕೆ ಎರಡೂ ಒಂದೇ ತಪ್ಪಿನಿಂದ ಹುಟ್ಟಿದವು ಎಂಬುದು ನನ್ನ ವಾದ. ಹಾಗೆಂದು ಸಿಲ್ವರ್ ಅವರಲ್ಲಿ ದೋಷವೇ ಇಲ್ಲವೆಂದಲ್ಲ. ಇದೆ, ಆದರೆ ಜನ ಹುಡುಕಿದ ಜಾಗದಲ್ಲಿ ಇಲ್ಲ.

ಮೊದಲು ವ್ಯಕ್ತಿಯ ಪರಿಚಯ ಮಾಡಿಕೊಳ್ಳೋಣ. ಸಿಲ್ವರ್ ಹುಟ್ಟಿದ್ದು 1978ರಲ್ಲಿ, ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್ ಊರಿನಲ್ಲಿ. ತಂದೆ ರಾಜ್ಯಶಾಸ್ತ್ರದ ಪ್ರಾಧ್ಯಾಪಕರು. ಮಗ 2000ದಲ್ಲಿ ಶಿಕಾಗೋ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದ ಪದವಿ ಪಡೆದು, ಲೆಕ್ಕಪರಿಶೋಧನೆಯ ದೊಡ್ಡ ಸಂಸ್ಥೆಯೊಂದರಲ್ಲಿ ಸಲಹೆಗಾರರಾಗಿ ಸೇರಿದರು. ಆ ಕೆಲಸ ಅವರಿಗೆ ರುಚಿಸಲಿಲ್ಲ. ಬಿಡುವಿನ ವೇಳೆಯಲ್ಲಿ, ಪ್ರಾಯಶಃ ಬಿಡುವಿಲ್ಲದ ವೇಳೆಯಲ್ಲಿಯೂ, ಬೇಸ್‌ಬಾಲ್ ಆಟಗಾರರ ಅಂಕಿಅಂಶಗಳನ್ನು ಹಿಡಿದು ಕೂತರು. ಅದರ ಫಲವಾಗಿ ಬಂದದ್ದು 'ಪೆಕೋಟ' ಎಂಬ ಗಣನ ಪದ್ಧತಿ. 2003ರಲ್ಲಿ ಅದನ್ನು 'ಬೇಸ್‌ಬಾಲ್ ಪ್ರಾಸ್ಪೆಕ್ಟಸ್' ಎಂಬ ಪ್ರಕಾಶನ ಸಂಸ್ಥೆ ಕೊಂಡುಕೊಂಡಿತು. ಅದರ ತಿರುಳು ಸರಳವಾದದ್ದು. ಒಬ್ಬ ಆಟಗಾರ ಮುಂದಿನ ವರ್ಷ ಹೇಗೆ ಆಡುತ್ತಾನೆಂದು ತಿಳಿಯಬೇಕೆ? ಅವನ ವಯಸ್ಸು, ಮೈಕಟ್ಟು, ಆಟದ ರೀತಿಯನ್ನು ಹೋಲುವ ಹಳೆಯ ಆಟಗಾರರನ್ನು ಹುಡುಕಿ, ಅವರು ಆ ವಯಸ್ಸಿನ ನಂತರ ಹೇಗೆ ಆಡಿದರೆಂದು ನೋಡಿ. ಉತ್ತರ ಒಂದೇ ಸಂಖ್ಯೆಯಾಗಿ ಬರುವುದಿಲ್ಲ. 'ಹೀಗಾಗುವ ಸಂಭವ ಇಷ್ಟು, ಹಾಗಾಗುವ ಸಂಭವ ಅಷ್ಟು' ಎಂಬ ಹರವಾಗಿ ಬರುತ್ತದೆ. ಈ ಹರವನ್ನು ನೆನಪಿಡಿ. ಅವರ ಮುಂದಿನ ಕೆಲಸವೆಲ್ಲ ಇದರ ಮೇಲೆಯೇ ನಿಂತಿದೆ.

ನಡುವೆ ಕೆಲವು ವರ್ಷ ಅವರು ಅಂತರಜಾಲದಲ್ಲಿ ಪೋಕರ್ ಇಸ್ಪೀಟು ಆಡಿ ಹಣ ಗಳಿಸಿದ್ದುಂಟು. 2006ರಲ್ಲಿ ಬಂದ ಕಾನೂನೊಂದು ಆ ದಾರಿಯನ್ನು ಕಿರಿದುಗೊಳಿಸಿತು. ರಾಜಕೀಯದತ್ತ ತಮ್ಮ ಗಮನ ತಿರುಗಿದ್ದು ಹಾಗೆ ಎಂದು ಅವರೇ ಹೇಳಿಕೊಂಡಿದ್ದಾರೆ. 2007ರ ಕೊನೆಯಲ್ಲಿ 'ಪೊಬ್ಲಾನೋ' ಎಂಬ ಗುಪ್ತನಾಮದಿಂದ ಚುನಾವಣಾ ಬ್ಲಾಗ್ ಬರಹಗಳನ್ನು ಪ್ರಾರಂಭಿಸಿದರು. ಪೊಬ್ಲಾನೋ ಎಂದರೆ ಮೆಕ್ಸಿಕೋ ದೇಶದ ಒಂದು ಮೆಣಸಿನಕಾಯಿ! 2008ರ ಮಾರ್ಚಿಯಲ್ಲಿ ಸ್ವಂತ ತಾಣ ಬಂತು. ಅಮೆರಿಕದ ಅಧ್ಯಕ್ಷರನ್ನು ಆರಿಸುವ ನಿರ್ವಾಚಕರ ಸಂಖ್ಯೆ 538; ತಾಣದ ಹೆಸರೂ ಅದೇ. 270 ನಿರ್ವಾಚಕರು ದೊರೆತವರು ಅಧ್ಯಕ್ಷರು. ಬಹುತೇಕ ರಾಜ್ಯಗಳಲ್ಲಿ ಒಂದೇ ಮತ ಹೆಚ್ಚು ಬಂದರೂ ಆ ರಾಜ್ಯದ ನಿರ್ವಾಚಕರೆಲ್ಲರೂ ಗೆದ್ದವರ ಪಾಲು. ಆದ್ದರಿಂದ ಇದು ಒಂದು ಚುನಾವಣೆಯಲ್ಲ, ಐವತ್ತಕ್ಕೂ ಹೆಚ್ಚು ಚುನಾವಣೆಗಳ ಕಟ್ಟು.

ಆ ವರ್ಷದ ಮೇ ತಿಂಗಳಲ್ಲಿ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ನಡುವೆ ಪಕ್ಷದೊಳಗಿನ ಸ್ಪರ್ಧೆ ನಡೆದಿತ್ತು. ಪೊಬ್ಲಾನೋ ಬೇಸ್‌ಬಾಲ್ ಉಪಾಯವನ್ನೇ ಇಲ್ಲಿ ಬಳಸಿದರು. ಮತದಾರರ ವಯಸ್ಸು, ವಿದ್ಯಾಭ್ಯಾಸ, ಜನಾಂಗದ ಪ್ರಮಾಣಗಳಲ್ಲಿ ಒಂದನ್ನೊಂದು ಹೋಲುವ ಪ್ರದೇಶಗಳು ಒಂದೇ ತೆರನಾಗಿ ಮತ ಹಾಕಿಯಾವು ಎಂದು ಲೆಕ್ಕ ಹಾಕಿದರು. ಉತ್ತರ ಕೆರೊಲೈನ ಮತ್ತು ಇಂಡಿಯಾನ ರಾಜ್ಯಗಳಲ್ಲಿ ಆ ಲೆಕ್ಕ ಬಹುಪಾಲು ಸಮೀಕ್ಷೆಗಳಿಗಿಂತ ಸರಿಯಾಯಿತು. ಅದೇ ತಿಂಗಳ ಕೊನೆಗೆ ಅವರು ತಮ್ಮ ನಿಜ ಹೆಸರನ್ನು ಬಹಿರಂಗಪಡಿಸಿದರು. ನವೆಂಬರಿನಲ್ಲಿ 50 ರಾಜ್ಯಗಳ ಪೈಕಿ 49ರಲ್ಲಿ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ತಪ್ಪಿದ್ದು ಇಂಡಿಯಾನ ಒಂದೇ. 2010ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಅವರ ತಾಣಕ್ಕೆ ಆಶ್ರಯ ಕೊಟ್ಟಿತು. 2012ರಲ್ಲಿ 50ಕ್ಕೆ 50.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಸಿಲ್ವರ್ ಅವರನ್ನು ಜನ 'ಸಮೀಕ್ಷಕ' ಎನ್ನುತ್ತಾರೆ. ಅವರು ಹೆಸರಾದದ್ದು ಮತದಾರರಿಗೆ ಫೋನ್ ಮಾಡಿ ಪ್ರಶ್ನೆ ಕೇಳಿದ್ದರಿಂದಲ್ಲ. ಇತರರು ಮಾಡಿದ ಸಮೀಕ್ಷೆಗಳನ್ನು ಒಟ್ಟು ಹಾಕಿ, ತೂಗಿ, ಅದರಿಂದ ಸಂಭವನೀಯತೆ ತೆಗೆಯುವುದು ಅವರ ಕಸುಬು. ಅವರ ಬಲ ಮತ್ತು ಮಿತಿ ಎರಡೂ ಇದರಲ್ಲಿ ಅಡಗಿವೆ.

ಹೇಗೆಂದು ನೋಡೋಣ. ಸಾವಿರ ಜನರನ್ನು ಯಾದೃಚ್ಛಿಕವಾಗಿ ಆರಿಸಿ ಕೇಳಿದರೆ, ನಮೂನೆ ಸಣ್ಣದಾದ್ದರಿಂದ ಬರುವ ದೋಷ ಸುಮಾರು 1/√1000, ಅಂದರೆ ಶೇಕಡ 3ರ ಆಸುಪಾಸು. ಇದು ಒಬ್ಬ ಅಭ್ಯರ್ಥಿಯ ಮತಪಾಲಿಗೆ ಸಂಬಂಧಿಸಿದ್ದು. ಇಬ್ಬರ ನಡುವಿನ ಅಂತರದ ದೋಷ ಇದರ ಎರಡರಷ್ಟಾಗುತ್ತದೆ. ಪತ್ರಿಕೆಗಳು ಈ ಎರಡನೆಯ ಮಾತನ್ನು ಹೇಳುವುದೇ ಇಲ್ಲ. ಇಂಥ ಹತ್ತು ಸಮೀಕ್ಷೆಗಳ ಸರಾಸರಿ ತೆಗೆದರೆ ಹತ್ತು ಸಾವಿರ ಜನರನ್ನು ಕೇಳಿದಂತೆ. ದೋಷ ಶೇಕಡ 1ಕ್ಕೆ ಇಳಿಯುತ್ತದೆ. ಬಿಡಿ ಸಮೀಕ್ಷೆಯೊಂದನ್ನು ಹಿಡಿದು ಟಿ.ವಿ.ಯಲ್ಲಿ ಗಂಟೆಗಟ್ಟಲೆ ಚರ್ಚಿಸುವುದಕ್ಕಿಂತ ಇದು ಎಷ್ಟೋ ಮೇಲು. ಅಷ್ಟರ ಮಟ್ಟಿಗೆ ಸಿಲ್ವರ್ ಅವರಿಗೆ ಅಮೆರಿಕದ ಪತ್ರಿಕೋದ್ಯಮ ಋಣಿ.

ಆದರೆ ಸರಾಸರಿಗೆ ಒಂದು ಷರತ್ತಿದೆ: ಸಮೀಕ್ಷೆಗಳ ದೋಷಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿರಬೇಕು. ತೂಕದ ಕಲ್ಲಿನಲ್ಲೇ ಐವತ್ತು ಗ್ರಾಂ ಕೊರತೆಯಿದ್ದರೆ ಅದೇ ತಕ್ಕಡಿಯಲ್ಲಿ ಹತ್ತು ಬಾರಿ ತೂಗಿ ಸರಾಸರಿ ತೆಗೆದೇನು ಫಲ? ಕೊರತೆ ಹಾಗೆಯೇ ಉಳಿಯುತ್ತದೆ. 1936ರಲ್ಲಿ 'ಲಿಟರರಿ ಡೈಜೆಸ್ಟ್' ಪತ್ರಿಕೆಗೆ ಸುಮಾರು 24 ಲಕ್ಷ ಓದುಗರು, ಚಂದಾದಾರರು, ಕಾರು ಮತ್ತು ಟೆಲಿಫೋನ್ ಉಳ್ಳವರು ತಮ್ಮ ಆಯ್ಕೆಯನ್ನು ಬರೆದು ಕಳಿಸಿದ್ದರು. ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್; ಅದೂ 48 ರಾಜ್ಯಗಳ ಪೈಕಿ 46ರಲ್ಲಿ. ನಮೂನೆ ಎಷ್ಟೇ ದೊಡ್ಡದಿರಲಿ, ಅದು ವಾಲಿದ್ದರೆ ಉತ್ತರವೂ ವಾಲುತ್ತದೆ. ನಮ್ಮಲ್ಲಿಯೂ 2024ರ ಲೋಕಸಭಾ ಚುನಾವಣೆಯ ಬಳಿಕ ಬಹುತೇಕ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎ ಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನ ಹೇಳಿದವು, ಬಂದದ್ದು 293. ಒಂದು ಅತ್ತ, ಒಂದು ಇತ್ತ ತಪ್ಪಿದ್ದರೆ ಸರಾಸರಿ ಕಾಪಾಡುತ್ತಿತ್ತು. ಎಲ್ಲವೂ ಒಂದೇ ಕಡೆಗೆ ತಪ್ಪಿದಾಗ ಸರಾಸರಿ ಮಾಡುವುದೇನು?

ಈಗ 2012ರ 50ಕ್ಕೆ 50 ಅಂಕವನ್ನು ಪರಿಶೀಲಿಸೋಣ. ಐವತ್ತು ರಾಜ್ಯಗಳಲ್ಲಿ ಸುಮಾರು ನಲವತ್ತರ ಫಲಿತಾಂಶವನ್ನು ಹಿಂದಿನ ಚುನಾವಣೆಗಳನ್ನು ಬಲ್ಲ ಯಾರು ಬೇಕಾದರೂ ಹೇಳಬಹುದು. ಪರೀಕ್ಷೆ ಇರುವುದು ಉಳಿದ ಹತ್ತರಲ್ಲಿ. ಅಲ್ಲಿ ಫ್ಲಾರಿಡ ರಾಜ್ಯದ ಬಗ್ಗೆ ಸಿಲ್ವರ್ ಕೊಟ್ಟಿದ್ದ ಸಂಖ್ಯೆ ಏನು ಗೊತ್ತೆ? ಒಬಾಮ ಗೆಲ್ಲುವ ಸಂಭವನೀಯತೆ ಶೇಕಡ 50.3. ನಾಣ್ಯ ಚಿಮ್ಮಿದಂತೆ! ಅದು ಸರಿಬಂದದ್ದಕ್ಕೆ ಅವರ ಜಾಣತನ ಕಾರಣವಲ್ಲವೆಂದು ಅವರ ಲೆಕ್ಕವೇ ಹೇಳುತ್ತಿತ್ತು. ಇನ್ನೂ ಮುಂದಕ್ಕೆ ಹೋಗಿ. ಒಬ್ಬರು ಹತ್ತು ರಾಜ್ಯಗಳಿಗೆ ತಲಾ ಶೇಕಡ 80 ಎಂದು ಹೇಳಿ, ಹತ್ತರಲ್ಲೂ ಸರಿಯಾದರೆ ಅದು ಪ್ರಶಂಸೆಯ ಸಂಗತಿಯೆ? ಅವರ ಮಾತು ನಿಜವಾಗಿದ್ದರೆ ಸರಾಸರಿ ಎರಡರಲ್ಲಿ ತಪ್ಪಬೇಕಿತ್ತು. ಹತ್ತಕ್ಕೆ ಹತ್ತು ಬಂದರೆ ಅದು ಅದೃಷ್ಟ, ಇಲ್ಲವೆ ಅವರು ಅಗತ್ಯಕ್ಕಿಂತ ಹೆಚ್ಚು ಅಂಜಿ 80 ಎಂದಿದ್ದಾರೆ. (ಮೂರನೆಯದೂ ಉಂಟು: ರಾಜ್ಯಗಳೆಲ್ಲ ಒಟ್ಟಿಗೆ ಚಲಿಸಿರಬಹುದು. ಅದಕ್ಕೆ ಈಗಲೇ ಬರುತ್ತೇನೆ.) 'ಎಷ್ಟರಲ್ಲಿ ಗೆದ್ದವರನ್ನು ಸರಿಯಾಗಿ ಹೇಳಿದರು' ಎಂದು ಎಣಿಸುವುದು ಸಂಭವನೀಯತೆಯನ್ನು ಅಳೆಯುವ ಮಾಪನವೇ ಅಲ್ಲ. ಸಿಲ್ವರ್ ಇದನ್ನು ಬಲ್ಲವರು; ಆಗಾಗ ಹೇಳಿದವರು ಕೂಡ. ಆದರೆ ತಮ್ಮ ಕೀರ್ತಿ ಆ ತಪ್ಪು ಮಾಪನದ ಮೇಲೆ ಏರುತ್ತಿದ್ದಾಗ ಅದನ್ನು ತಡೆಯಲು ಅವರು ಹೆಚ್ಚು ಶ್ರಮಪಡಲಿಲ್ಲ. 2016ರಲ್ಲಿ ಅದೇ ಅಳತೆಗೋಲು ಅವರ ತಲೆಯ ಮೇಲೆ ಬಿತ್ತು.

ರಾಜ್ಯಗಳು ಒಟ್ಟಿಗೆ ಚಲಿಸುವ ವಿಚಾರ ಈ ಕತೆಯಲ್ಲಿ ಅತ್ಯಂತ ಮುಖ್ಯವಾದದ್ದು. ಸಿಲ್ವರ್ ಅವರ ನಿಜವಾದ ಸಾಧನೆಯೂ ಇದೇ. 2016ರಲ್ಲಿ ಮಿಷಿಗನ್, ಪೆನ್ಸಿಲ್ವೇನಿಯ, ವಿಸ್ಕಾನ್ಸಿನ್ ಎಂಬ ಮೂರು ರಾಜ್ಯಗಳು ಫಲಿತಾಂಶವನ್ನು ತೀರ್ಮಾನಿಸಿದವು. ಅಲ್ಲಿ ಕ್ಲಿಂಟನ್ ಗೆಲ್ಲುವ ಸಂಭವನೀಯತೆಯನ್ನು ಅವರು ಕ್ರಮವಾಗಿ ಸುಮಾರು ಶೇಕಡ 79, 77, 84 ಎಂದಿದ್ದರು. ಮೂರನ್ನೂ ಕಳೆದುಕೊಳ್ಳುವ ಸಂಭವನೀಯತೆ ಎಷ್ಟು? ಮೂರೂ ಪರಸ್ಪರ ಸ್ವತಂತ್ರ ಘಟನೆಗಳಾದರೆ 0.21 × 0.23 × 0.16, ಅಂದರೆ ಶೇಕಡ 0.8. ನೂರರಲ್ಲಿ ಒಂದೂ ಇಲ್ಲ! ಆದರೆ ಅವು ಸ್ವತಂತ್ರವೆ? ಮೂರೂ ಮಹಾಸರೋವರಗಳ ಆಸುಪಾಸಿನ ರಾಜ್ಯಗಳು. ಮೂರರಲ್ಲಿಯೂ ಹಳೆಯ ಕಾರ್ಖಾನೆಗಳ ಊರುಗಳಿವೆ, ಒಂದೇ ಬಗೆಯ ಮತದಾರರಿದ್ದಾರೆ. ಒಂದು ರಾಜ್ಯದ ಸಮೀಕ್ಷೆ ಅವರನ್ನು ಎಣಿಸುವಲ್ಲಿ ತಪ್ಪಿದರೆ ಉಳಿದೆರಡರಲ್ಲಿಯೂ ಹಾಗೆಯೇ ತಪ್ಪುತ್ತದೆ. ಮೂರೂ ಪೂರ್ಣವಾಗಿ ಒಟ್ಟಿಗೆ ಚಲಿಸಿದರೆ ಮೂರನ್ನೂ ಕಳೆದುಕೊಳ್ಳುವ ಸಂಭವನೀಯತೆ ಶೇಕಡ 16ರವರೆಗೆ ಏರಬಲ್ಲದು. ಶೇಕಡ 0.8 ಎಲ್ಲಿ, 16 ಎಲ್ಲಿ! ಗುಣಾಕಾರ ನಿಯಮ ಕಲಿಸುವಾಗ 'ಸ್ವತಂತ್ರ ಘಟನೆಗಳಾದರೆ ಮಾತ್ರ' ಎಂಬ ಷರತ್ತನ್ನು ನಾವು ಬೋರ್ಡಿನ ಮೂಲೆಯಲ್ಲಿ ಬರೆದು ಮುಂದೆ ಹೋಗುತ್ತೇವೆ. ಅದರ ಬೆಲೆ ಎಷ್ಟೆಂದು ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಸಿಲ್ವರ್ ಅವರ ಗಣಿತ ಮಾದರಿ ಕಂಪ್ಯೂಟರಿನಲ್ಲಿ ಚುನಾವಣೆಯನ್ನು ಸಾವಿರಾರು ಬಾರಿ ನಡೆಸುತ್ತದೆ. ಪ್ರತಿ ಬಾರಿಯೂ ಮೊದಲು ಇಡೀ ದೇಶಕ್ಕೆ ಒಂದು ಸಾಮಾನ್ಯ ದೋಷ, ಆಮೇಲೆ ಒಂದೇ ಬಗೆಯ ರಾಜ್ಯಗಳಿಗೆ ಒಂದು ದೋಷ, ಕೊನೆಗೆ ಆಯಾ ರಾಜ್ಯಕ್ಕೆ ಪ್ರತ್ಯೇಕ ದೋಷ ಎಂದು ಚೀಟಿ ಎತ್ತುತ್ತದೆ. ಈ ಒಟ್ಟು ದೋಷಕ್ಕೆ ಸಾಕಷ್ಟು ಜಾಗ ಬಿಟ್ಟದ್ದರಿಂದಲೇ ಟ್ರಂಪ್ ಅವರಿಗೆ 28.6 ಬಂದದ್ದು. ಹಾಗೆ ಬಿಡದ ಇತರರ ಗತಿ ನೋಡಿ. 'ಹಫಿಂಗ್‌ಟನ್ ಪೋಸ್ಟ್' ತಾಣ ಕ್ಲಿಂಟನ್ ಅವರಿಗೆ ಶೇಕಡ 98 ಕೊಟ್ಟಿತ್ತು. ಸಾಲದೆಂಬಂತೆ, ಸಿಲ್ವರ್ ಸಮೀಕ್ಷೆಗಳನ್ನು ಟ್ರಂಪ್ ಕಡೆಗೆ ತಿರುಚುತ್ತಿದ್ದಾರೆಂದು ಮತದಾನಕ್ಕೆ ಮೂರು ದಿನ ಮೊದಲು ಆ ತಾಣದಲ್ಲಿ ಆರೋಪದ ಲೇಖನವೂ ಬಂತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನರವಿಜ್ಞಾನಿ ಸ್ಯಾಮ್ ವಾಂಗ್ ಅವರ ಲೆಕ್ಕ ಶೇಕಡ 99ಕ್ಕೂ ಮೇಲಿತ್ತು. ಟ್ರಂಪ್ 240ಕ್ಕಿಂತ ಹೆಚ್ಚು ನಿರ್ವಾಚಕರನ್ನು ಪಡೆದರೆ ಹುಳು ತಿನ್ನುವೆನೆಂದು ಅವರು ಪಂಥ ಕಟ್ಟಿದ್ದರು; ಚುನಾವಣೆ ಮುಗಿದ ಮೇಲೆ ಟಿ.ವಿ. ಕ್ಯಾಮೆರಾ ಮುಂದೆ ಮಿಡತೆ ಜಾತಿಯ ಕೀಟವೊಂದನ್ನು ತಿಂದರು. ಮಾತು ಉಳಿಸಿಕೊಂಡದ್ದಕ್ಕೆ ಅವರನ್ನು ಮೆಚ್ಚಲೇಬೇಕು. ಆ ಮೂರು ರಾಜ್ಯಗಳಲ್ಲಿ ಟ್ರಂಪ್ ಪಡೆದ ಒಟ್ಟು ಮುನ್ನಡೆ 78,000 ಮತಗಳಿಗಿಂತ ಕಡಿಮೆ. ದೇಶದ ಒಟ್ಟು ಮತಗಳಲ್ಲಿ ಕ್ಲಿಂಟನ್ ಅವರೇ ಶೇಕಡ 2.1ರಷ್ಟು ಮುಂದಿದ್ದರು. ಹೆಚ್ಚು ಮತ ಪಡೆದೂ ಸೋಲುವ ಈ ಸನ್ನಿವೇಶಕ್ಕೆ ಸಿಲ್ವರ್ ಮೊದಲೇ ಸುಮಾರು ಶೇಕಡ 10ರಷ್ಟು ಸಂಭವನೀಯತೆ ಕೊಟ್ಟಿದ್ದರು.

ಸಮೀಕ್ಷೆಗಳು ಎಲ್ಲಿ ವಾಲಿದವು ಎಂಬುದನ್ನು ಅಮೆರಿಕದ ಜನಾಭಿಪ್ರಾಯ ಸಂಶೋಧಕರ ಸಂಘ 2017ರಲ್ಲಿ ಪರಿಶೀಲಿಸಿತು. ಪದವೀಧರರು ಸಮೀಕ್ಷೆಗೆ ಉತ್ತರಿಸುವುದು ಹೆಚ್ಚು. ಅವರಲ್ಲಿ ಕ್ಲಿಂಟನ್ ಬೆಂಬಲಿಗರೂ ಹೆಚ್ಚು. ಹಲವು ರಾಜ್ಯ ಸಮೀಕ್ಷೆಗಳು ಇದನ್ನು ಸರಿದೂಗಿಸಿರಲಿಲ್ಲ. ಕೊನೆಯ ವಾರದಲ್ಲಿ ಮನಸ್ಸು ಮಾಡಿದವರು ಟ್ರಂಪ್ ಕಡೆ ವಾಲಿದ್ದೂ ಒಂದು ಕಾರಣ. ಇದರ ಹಿಂದೆ ಇನ್ನೂ ಆಳದ ತೊಂದರೆಯಿದೆ. ಪ್ಯೂ ಸಂಶೋಧನಾ ಕೇಂದ್ರದ ದೂರವಾಣಿ ಸಮೀಕ್ಷೆಗಳಿಗೆ 1997ರಲ್ಲಿ ನೂರಕ್ಕೆ 36 ಮಂದಿ ಉತ್ತರಿಸುತ್ತಿದ್ದರು. 2018ರ ವೇಳೆಗೆ ಆರು ಮಂದಿ. ಉತ್ತರಿಸದ 94 ಮಂದಿ ಉತ್ತರಿಸಿದ ಆರು ಮಂದಿಯಂತೆಯೇ ಇದ್ದಾರೆಂದು ನಂಬುವುದು ಹೇಗೆ? ಇತರರ ಸಮೀಕ್ಷೆಯನ್ನು ಕಚ್ಚಾವಸ್ತುವಾಗಿ ಬಳಸುವವರಿಗೆ ಇದಕ್ಕೆ ಮದ್ದಿಲ್ಲ. ದೋಷ ಇಷ್ಟು ಇರಬಹುದೆಂದು ಅವರು ಹೇಳಬಲ್ಲರು. ಯಾವ ದಿಕ್ಕಿನಲ್ಲಿ ಎಂದು ಹೇಳಲಾರರು.

2020ರಲ್ಲಿ ಆದದ್ದನ್ನು ನೋಡಿದರೆ ಜನರ ಅಳತೆಗೋಲು ಎಷ್ಟು ಸೊಟ್ಟ ಎಂಬುದು ತಿಳಿಯುತ್ತದೆ. ಸಿಲ್ವರ್ ಅವರ ತಾಣ ಜೋ ಬೈಡನ್ ಅವರಿಗೆ ಶೇಕಡ 89 ಕೊಟ್ಟಿತು, ಬೈಡನ್ ಗೆದ್ದರು. ಹೆಚ್ಚಿನ ಗದ್ದಲವಾಗಲಿಲ್ಲ. ಆದರೆ ಆ ವರ್ಷದ ರಾಷ್ಟ್ರೀಯ ಸಮೀಕ್ಷೆಗಳ ದೋಷ 40 ವರ್ಷಗಳಲ್ಲಿಯೇ ಅತ್ಯಧಿಕವೆಂದು ಅದೇ ಸಂಘ ವರದಿ ಮಾಡಿತು. ವಿಸ್ಕಾನ್ಸಿನ್ ರಾಜ್ಯದಲ್ಲಿ ತಾಣದ ಸಮೀಕ್ಷಾ ಸರಾಸರಿ ಬೈಡನ್ ಅವರಿಗೆ 8.4 ಅಂಶಗಳ ಮುನ್ನಡೆ ಹೇಳಿತ್ತು, ಬಂದದ್ದು 0.6. 2016ಕ್ಕಿಂತ ಕೆಟ್ಟ ಅಳತೆ, ಆದರೆ ಚೀಟಿ ಬಿಳಿಯದು ಬಂತು. ಪ್ರಯೋಗಾಲಯದಲ್ಲಿ ಉಷ್ಣಮಾಪಕ ಎಂಟು ಡಿಗ್ರಿ ತಪ್ಪು ತೋರಿಸಿದರೂ 'ನೀರು ಬಿಸಿಯಾಗಿದೆ ಎಂದು ಸರಿಯಾಗಿಯೇ ಹೇಳಿತಲ್ಲ' ಎಂದು ನಾವು ಸುಮ್ಮನಿರುತ್ತೇವೆಯೆ?

ಹಾಗಾದರೆ ಸರಿಯಾದ ಅಳತೆ ಯಾವುದು? 1950ರಲ್ಲಿ ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರಯರ್ ಒಂದು ಸುಲಭ ಸೂತ್ರ ಕೊಟ್ಟರು. ನಡೆದ ಘಟನೆಗೆ 1, ನಡೆಯದ್ದಕ್ಕೆ 0 ಎಂದಿಟ್ಟುಕೊಳ್ಳಿ. ಅದರಿಂದ ನೀವು ಹೇಳಿದ ಸಂಭವನೀಯತೆಯನ್ನು ಕಳೆದು ವರ್ಗ ಮಾಡಿ. ಹಲವು ಮುನ್ಸೂಚನೆಗಳಿಗೆ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಕಡಿಮೆ ಬಂದಷ್ಟೂ ಒಳ್ಳೆಯದು. ಯಾವಾಗಲೂ ಶೇಕಡ 50 ಎನ್ನುವ ಸೋಮಾರಿಗೆ 0.25 ಬರುತ್ತದೆ. ಇದನ್ನು ಸಿಲ್ವರ್ ಅವರ ಐದು ಅಧ್ಯಕ್ಷೀಯ ಮುನ್ಸೂಚನೆಗಳಿಗೆ ನಾವೇ ಅನ್ವಯಿಸೋಣ. ಗೆದ್ದವರಿಗೆ ಅವರು ಕೊಟ್ಟಿದ್ದ ಸಂಭವನೀಯತೆ 2008ರಲ್ಲಿ 0.989, 2012ರಲ್ಲಿ 0.909, 2016ರಲ್ಲಿ 0.286, 2020ರಲ್ಲಿ 0.89, 2024ರಲ್ಲಿ ಹೆಚ್ಚುಕಡಿಮೆ 0.50. ದೋಷದ ವರ್ಗಗಳು 0.0001, 0.0083, 0.5098, 0.0121, 0.25. ಸರಾಸರಿ 0.156.

ಈಗ ಇನ್ನೊಬ್ಬ ಪಂಡಿತರನ್ನು ಊಹಿಸಿಕೊಳ್ಳಿ. ಪ್ರತಿ ಚುನಾವಣೆಯಲ್ಲೂ ಒಬ್ಬರ ಹೆಸರು ಹೇಳಿ 'ಶೇಕಡ 99 ಖಚಿತ' ಎಂದು ಮೇಜು ಕುಟ್ಟುವವರು. ಅವರು 2016ರಲ್ಲಿ ಮಾತ್ರ ತಪ್ಪಿ ಉಳಿದ ನಾಲ್ಕರಲ್ಲೂ ಸರಿಯಾದರೆಂದುಕೊಳ್ಳೋಣ. ಅವರ ಸರಾಸರಿ 0.196. ಐದರಲ್ಲಿ ನಾಲ್ಕು ಸರಿಹೇಳಿದ ಈ ಪಂಡಿತರಿಗಿಂತ, ಐದರಲ್ಲಿ ಮೂರನ್ನಷ್ಟೇ ಸ್ಪಷ್ಟವಾಗಿ ಸರಿಹೇಳಿದ ಸಿಲ್ವರ್ ಅವರ ಅಂಕ ಉತ್ತಮ. ಕಾರಣ ಇಷ್ಟೆ: ತಿಳಿಯದಿದ್ದಾಗ ತಿಳಿಯದೆಂದು ಹೇಳಿದವರಿಗೆ ಈ ಸೂತ್ರ ದಂಡ ಕಡಿಮೆ ಹಾಕುತ್ತದೆ. ತರಗತಿಯಲ್ಲಿ ಮಾಡಿ ನೋಡಿ. ಜೂನ್ ತಿಂಗಳಿಡೀ ದಿನಾ ಬೆಳಗ್ಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಂದು ಮಳೆ ಬರುವ ಸಂಭವನೀಯತೆಯನ್ನು ಬರೆದಿಡಲಿ. ತಿಂಗಳ ಕೊನೆಗೆ ಎಲ್ಲರ ಬ್ರಯರ್ ಅಂಕ ಲೆಕ್ಕ ಹಾಕಿ. ತುಂಬ ಧೈರ್ಯದಿಂದ ಮಾತಾಡುವ ಹುಡುಗ ಸಾಮಾನ್ಯವಾಗಿ ಮೊದಲಿಗನಾಗಿರುವುದಿಲ್ಲ.

ಆದರೆ ಐದು ಚುನಾವಣೆಗಳಿಂದ ಏನೂ ಸಿದ್ಧವಾಗದು ಎಂಬುದನ್ನೂ ಹೇಳಿಬಿಡಬೇಕು. ಶೇಕಡ 70 ಎಂದು ಹೇಳಿದ ಘಟನೆಗಳು ನಿಜವಾಗಿ ನೂರಕ್ಕೆ 70 ಬಾರಿ ನಡೆದವೆ ಎಂದು ನೋಡುವುದು ಮುನ್ಸೂಚನೆಯ ಕ್ಯಾಲಿಬ್ರೇಷನ್. ಉಷ್ಣಮಾಪಕವನ್ನು ಕರಗುವ ಮಂಜುಗಡ್ಡೆಯಲ್ಲಿ, ಕುದಿಯುವ ನೀರಿನ ಆವಿಯಲ್ಲಿ ಇಟ್ಟು ಪರೀಕ್ಷಿಸಿದಂತೆ. 2019ರಲ್ಲಿ ಸಿಲ್ವರ್ ತಮ್ಮ ತಾಣದ ಹಳೆಯ ಮುನ್ಸೂಚನೆಗಳನ್ನೆಲ್ಲ ಹರಡಿಕೊಂಡು ಈ ಪರೀಕ್ಷೆ ಮಾಡಿ ಪ್ರಕಟಿಸಿದರು. 70 ಎಂದದ್ದು ಹೆಚ್ಚುಕಡಿಮೆ 70ರಷ್ಟೇ ಬಾರಿ ನಡೆದಿತ್ತು. ತನ್ನ ಹಳೆಯ ಮಾತುಗಳನ್ನು ತಾನೇ ತಕ್ಕಡಿಗೆ ಹಾಕಿದ ರಾಜಕೀಯ ವ್ಯಾಖ್ಯಾನಕಾರರು ಬಹಳ ಅಪರೂಪ. ಆದರೆ ಆ ರಾಶಿಯಲ್ಲಿದ್ದವು ಹೆಚ್ಚಾಗಿ ಕ್ರೀಡೆಗಳು, ಸಂಸತ್ತಿನ ಬಿಡಿ ಕ್ಷೇತ್ರಗಳು. ಅಧ್ಯಕ್ಷೀಯ ಚುನಾವಣೆ ನಾಲ್ಕು ವರ್ಷಕ್ಕೊಂದು. ಅಂಥ ಮುನ್ಸೂಚನೆಗಳ ಪೈಕಿ ಯಾವುದು ಉತ್ತಮವೆಂದು ತೀರ್ಮಾನಿಸಲು ಹಲವು ದಶಕಗಳೇ ಬೇಕಾದೀತೆಂದು 2024ರಲ್ಲಿ ಮೂವರು ರಾಜ್ಯಶಾಸ್ತ್ರಜ್ಞರು ಲೆಕ್ಕ ತೋರಿಸಿದರು. ಹಾಗಿರುವಾಗ 71.4 ಎಂದು ದಶಮಾಂಶ ಸ್ಥಾನದವರೆಗೆ ಬರೆಯುವುದಕ್ಕೆ ಅರ್ಥವೇನು? ಸೆಂಟಿಮೀಟರ್ ಗೆರೆಗಳಷ್ಟೇ ಇರುವ ಅಳತೆಪಟ್ಟಿಯಿಂದ ವಿದ್ಯಾರ್ಥಿಯೊಬ್ಬ 12.347 ಸೆಂ.ಮೀ. ಎಂದು ಬರೆದುತಂದರೆ ನಾವು ಅಂಕ ಕಳೆಯುತ್ತೇವೆ. ಇಲ್ಲಿಯೂ ಕಳೆಯಬೇಕು.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. 2015ರ ಆಗಸ್ಟಿನಲ್ಲಿ, ಟ್ರಂಪ್ ತಮ್ಮ ಪಕ್ಷದ ಅಭ್ಯರ್ಥಿಯಾಗುವ ಸಾಧ್ಯತೆ ಸುಮಾರು ಶೇಕಡ 2 ಎಂದು ಸಿಲ್ವರ್ ಬರೆದರು. ಟ್ರಂಪ್ ಅಭ್ಯರ್ಥಿಯಾದರು. ಮರು ಮೇ ತಿಂಗಳಲ್ಲಿ ಸಿಲ್ವರ್ ದೀರ್ಘವಾದ ತಪ್ಪೊಪ್ಪಿಗೆ ಪ್ರಕಟಿಸಿದರು. ಆ ಶೇಕಡ 2 ಯಾವ ಗಣಿತ ಮಾದರಿಯಿಂದಲೂ ಬಂದದ್ದಲ್ಲ, ತಮ್ಮ ಊಹೆಗೆ ಹಾಕಿದ ಅಂಕಿ; ತಾವು ಟೀಕಿಸುತ್ತಿದ್ದ ಟಿ.ವಿ. ಪಂಡಿತರಂತೆಯೇ ವರ್ತಿಸಿದ್ದಾಗಿ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡತನವೇ. ಆದರೆ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಬೇರೆ: ಲೆಕ್ಕದಿಂದ ಬಂದ ಶೇಕಡ 28.6 ಮತ್ತು ಮನಸ್ಸಿನಿಂದ ಬಂದ ಶೇಕಡ 2, ಎರಡೂ ಪುಟದ ಮೇಲೆ ಒಂದೇ ರೀತಿ ಕಾಣುತ್ತವೆ. ಓದುಗನಿಗೆ ವ್ಯತ್ಯಾಸ ತಿಳಿಸುವ ಹೊಣೆ ಬರೆಯುವವನದು.

ಇದೆಲ್ಲ ಲೆಕ್ಕದ ಆಟ, ಯಾರಿಗೇನು ನಷ್ಟ ಎನ್ನುವಿರಾ? ಜೇಮ್ಸ್ ಕೋಮಿ 2016ರಲ್ಲಿ ಅಮೆರಿಕದ ಕೇಂದ್ರೀಯ ತನಿಖಾ ಸಂಸ್ಥೆಯಾದ ಎಫ್‌ಬಿಐ ನಿರ್ದೇಶಕರಾಗಿದ್ದರು. ಮತದಾನಕ್ಕೆ 11 ದಿನ ಮೊದಲು ಅವರು ಕ್ಲಿಂಟನ್ ಇ-ಮೇಲ್ ತನಿಖೆಯ ಬಗ್ಗೆ ಸಂಸತ್ತಿಗೆ ಪತ್ರ ಬರೆದರು. ಕ್ಲಿಂಟನ್ ಗೆಲ್ಲುವುದು ಖಚಿತವೆಂಬ ಊಹೆ ತಮ್ಮ ಆ ನಿರ್ಧಾರದ ಮೇಲೆ ಪ್ರಭಾವ ಬೀರಿರಬಹುದೆಂದು 2018ರ ತಮ್ಮ ಪುಸ್ತಕದಲ್ಲಿ ಅವರೇ ಬರೆದಿದ್ದಾರೆ. ಆ ಪತ್ರದಿಂದ ಫಲಿತಾಂಶ ಬದಲಾಯಿತೆ ಎಂಬುದು ಇಂದಿಗೂ ವಿವಾದದ ವಿಷಯ. ಆದರೆ 'ಏಳರಲ್ಲಿ ಐದು' ಎಂಬುದನ್ನು 'ಖಚಿತ' ಎಂದು ಓದಿಕೊಂಡ ದೇಶದಲ್ಲಿ ಮತ ಹಾಕಲು ಹೋಗದೆ ಮನೆಯಲ್ಲಿ ಕುಳಿತವರೂ ಇದ್ದಾರು. ಮುನ್ಸೂಚನೆ ಮಳೆಯ ಮೇಲೆ ಪರಿಣಾಮ ಬೀರುವುದಿಲ್ಲ. ಚುನಾವಣೆಯ ಮೇಲೆ ಬೀರಬಹುದು. ಹವಾಮಾನದ ಹೋಲಿಕೆಯನ್ನು ಸಿಲ್ವರ್ ಬಹಳ ಇಷ್ಟಪಟ್ಟು ಬಳಸುತ್ತಾರೆ. 2012ರ ಅವರ ಪುಸ್ತಕ 'ದ ಸಿಗ್ನಲ್ ಅಂಡ್ ದ ನಾಯ್ಸ್'ನಲ್ಲಿ ಹವಾಮಾನಕ್ಕೆ ಒಂದು ಅಧ್ಯಾಯವೇ ಮೀಸಲು. ಆದರೆ ಈ ವ್ಯತ್ಯಾಸಕ್ಕೆ ಅವರ ಬರವಣಿಗೆಯಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲವೆಂದು ನನ್ನ ಅನಿಸಿಕೆ. ಅವರು ಪ್ರಪಂಚವನ್ನು ಜೂಜುಗಾರನ ಕಣ್ಣಿನಿಂದ ನೋಡುತ್ತಾರೆ. ಅಂಕಿಗಳ ಬಗ್ಗೆ ಆ ಕಣ್ಣು ಬಹಳ ಪ್ರಾಮಾಣಿಕವಾದದ್ದು. ಜೂಜುಗಾರನಿಗೆ ನೂರಾರು ಪಂದ್ಯಗಳಿರುತ್ತವೆ, ಇಂದಿನ ನಷ್ಟ ನಾಳೆ ತುಂಬುತ್ತದೆ. ಮತದಾರನಿಗೆ ಇರುವುದು ಒಂದೇ ಪಂದ್ಯ. 2024ರಲ್ಲಿ ಅವರು ಚುನಾವಣೆಗಳ ಮೇಲೂ ಪಣ ಕಟ್ಟಿಸಿಕೊಳ್ಳುವ ಸಂಸ್ಥೆಯೊಂದಕ್ಕೆ ಸಲಹೆಗಾರರಾದರು. ಮುನ್ಸೂಚನೆ ಕೊಡುವವರು ಪಣದ ಕಟ್ಟೆಯಿಂದ ದೂರವಿದ್ದರೆ ಚೆನ್ನಿತ್ತು.

ಉಳಿದ ಕತೆ ಚಿಕ್ಕದು. 2013ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಬಿಟ್ಟು ಕ್ರೀಡಾ ವಾಹಿನಿ ಇಎಸ್‌ಪಿಎನ್ ಸೇರಿದರು. 2018ರಲ್ಲಿ ತಾಣ ಎಬಿಸಿ ನ್ಯೂಸ್ ಕೈಗೆ ಹೋಯಿತು. 2023ರಲ್ಲಿ ಅಲ್ಲಿ ನೌಕರಿ ಕಡಿತವಾದಾಗ ಸಿಲ್ವರ್ ಹೊರಬಂದರು. ಗಣಿತ ಮಾದರಿಯ ಹಕ್ಕು ಅವರಲ್ಲೇ ಉಳಿದಿತ್ತು. ಅದನ್ನು ಹಿಡಿದುಕೊಂಡು 'ಸಿಲ್ವರ್ ಬುಲೆಟಿನ್' ಎಂಬ ಸ್ವಂತ ಪತ್ರ ಪ್ರಾರಂಭಿಸಿದರು. ಅವರಿಲ್ಲದೆ ನಡೆದ ಹಳೆಯ ತಾಣವನ್ನು 2025ರ ಮಾರ್ಚಿಯಲ್ಲಿ ಮುಚ್ಚಲಾಯಿತು.

2024ರ ಚುನಾವಣೆಯ ಮುನ್ನಾ ರಾತ್ರಿ ಸಿಲ್ವರ್ ತಮ್ಮ ಮಾದರಿಯನ್ನು ಕೊನೆಯ ಸಲ ಓಡಿಸಿದರು. 80,000 ಕಾಲ್ಪನಿಕ ಚುನಾವಣೆಗಳಲ್ಲಿ ಕಮಲಾ ಹ್ಯಾರಿಸ್ ಗೆದ್ದದ್ದು 40,012ರಲ್ಲಿ. ಹಲವರು ನಕ್ಕರು: ನಾಣ್ಯ ಚಿಮ್ಮುವುದಕ್ಕೆ ಇಷ್ಟು ದೊಡ್ಡ ಯಂತ್ರ ಬೇಕಿತ್ತೆ ಎಂದು. ಆದರೆ ಅದೇ 80,000 ಓಟಗಳಲ್ಲಿ ಬೇರೆಲ್ಲ ಚಿತ್ರಗಳಿಗಿಂತ ಹೆಚ್ಚು ಬಾರಿ ಬಂದ ಚಿತ್ರ ಯಾವುದು? ಪೈಪೋಟಿಯ ಏಳು ರಾಜ್ಯಗಳನ್ನೂ ಟ್ರಂಪ್ ಒಟ್ಟಿಗೆ ಗೆದ್ದು 312 ನಿರ್ವಾಚಕರನ್ನು ಪಡೆಯುವುದು. ಎರಡನೆಯದು, ಏಳನ್ನೂ ಹ್ಯಾರಿಸ್ ಒಟ್ಟಿಗೆ ಗೆಲ್ಲುವುದು. ಮತ ಎಣಿಕೆ ಮುಗಿದಾಗ ಟ್ರಂಪ್ ಬಳಿ ಇದ್ದ ನಿರ್ವಾಚಕರ ಸಂಖ್ಯೆ 312.